"ಪೆಟ್ಟಾಯ್ತಲ್ಲ, ಇನ್ನಾದ್ರೂ ಓದು" ಅನ್ನುವವರಿಗೆ

ಆಟ ಆಡುವ ಮಕ್ಕಳಿಗೆ ದೊಡ್ಡ ಪೆಟ್ಟಾದಾಗ ಯಾರಾದ್ರೂ ಒಬ್ಬರು ಹೇಳೇ ಹೇಳುತ್ತಾರೆ: "ಒಂಥರಾ ಒಳ್ಳೇದೇ ಆಯ್ತು ಬಿಡು, ಇನ್ನಾದ್ರೂ ಕೂತು ಓದು". ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ.

ನನ್ನ ತಂಗಿಯ ಮಗಳು ಫುಟ್‌ಬಾಲ್ ಆಡುತ್ತಾಳೆ. ಗಣಿತದಲ್ಲಿ ಫೇಲಾಗಿದ್ದಳು, ಅದೇ ಹೊತ್ತಿಗೆ ಮಂಡಿಯ ಎಸಿಎಲ್, ಅಂದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಒಂದು ಲಿಗಮೆಂಟ್, ಹರಿಯಿತು. ಯಾರೂ ಡಿಕ್ಕಿ ಹೊಡೆದಿರಲಿಲ್ಲ. ಓಡುತ್ತಾ ಸರಕ್ಕನೆ ದಿಕ್ಕು ಬದಲಿಸಿದಳು, ಪಾದ ನೆಲ ಬಿಡಲಿಲ್ಲ, ಮಂಡಿ ತಿರುಚಿತು, ಅಷ್ಟೇ. ಈ ಲಿಗಮೆಂಟ್ ಹೆಚ್ಚಾಗಿ ಹರಿಯುವುದೇ ಹೀಗೆ. ಫುಟ್‌ಬಾಲ್‌ನಲ್ಲಿ ಹುಡುಗರಿಗಿಂತ ಹುಡುಗಿಯರಿಗೆ ಈ ಅಪಾಯ ಜಾಸ್ತಿ.

ಆಪರೇಷನ್ ಆದಮೇಲೆ ತೊಡೆಯ ಸ್ನಾಯು ನೋಡನೋಡುತ್ತಲೇ ಸೊರಗಿಹೋಗುತ್ತದೆ. ಕಾಲು ನೆಟ್ಟಗೆ ಮಾಡುವುದೇ ಒಂದು ದೊಡ್ಡ ಕೆಲಸ. ರಾತ್ರಿ ನಿದ್ದೆಯಿಲ್ಲ, ಬೆಳಗ್ಗೆ ಗೆಳತಿಯರು ಪ್ರಾಕ್ಟೀಸ್‌ಗೆ ಹೊರಡುವುದನ್ನು ನೋಡಬೇಕು. ಇಂಥ ಹೊತ್ತಲ್ಲಿ ಪುಸ್ತಕ ಹಿಡಿದರೆ ತಲೆಗೆ ಹತ್ತುತ್ತದಾ?

ಅವಳಿಗೆ ದಾರಿ ಸಿಕ್ಕಿದ್ದು ಫಿಸಿಯೋ ಹತ್ತಿರ. ಮೈದಾನ ತುಂಬ ಓಡುತ್ತಿದ್ದವಳು ಮಲಗಿಕೊಂಡು ಕಾಲೆತ್ತುವುದರಿಂದ ಶುರು ಮಾಡಬೇಕಾಯಿತು. ಮಂಡಿ ಎಷ್ಟು ಡಿಗ್ರಿ ಮಡಚಿತು ಅಂತ ದಿನಾ ಬರೆದಿಡುತ್ತಿದ್ದಳು. ಕೆಳಗಿನ ಹಂತಕ್ಕೆ ಇಳಿದರೆ ಅವಮಾನ ಏನಿಲ್ಲ ಅನ್ನುವುದು ಅಲ್ಲಿ ಅವಳಿಗೆ ರೂಢಿಯಾಯಿತು ಅನ್ನಿಸುತ್ತದೆ, ಯಾಕಂದ್ರೆ ಆಮೇಲೆ ಒಂದು ದಿನ ತಾನಾಗಿಯೇ ಹಿಂದಿನ ತರಗತಿಯ ಗಣಿತ ಪುಸ್ತಕ ತೆಗೆದು ಕೂತಳು. ತನಗೆ ಬೀಜಗಣಿತ ಕಷ್ಟ ಅಂದುಕೊಂಡಿದ್ದಳು. ನೋಡಿದರೆ ಭಿನ್ನರಾಶಿಯೇ ಗಟ್ಟಿ ಇರಲಿಲ್ಲ! ಅಲ್ಲಿಂದ ಕಟ್ಟಿಕೊಂಡು ಬಂದಳು. ಈಗ ಪಾಸಾಗಿದ್ದಾಳೆ, ಮಾರ್ಕ್ಸ್ ಸಾಧಾರಣ, ನನಗಂತೂ ತುಂಬಾ ಹೆಮ್ಮೆ.

ಪಂದ್ಯಕ್ಕೆ ಮಾತ್ರ ಇನ್ನೂ ಬಿಟ್ಟಿಲ್ಲ. ಸಾಮಾನ್ಯವಾಗಿ ಕನಿಷ್ಠ 9 ತಿಂಗಳು ಕಾಯಿರಿ ಅನ್ನುತ್ತಾರೆ, ಪೆಟ್ಟಾದ ಕಾಲಿನ ಬಲ ಇನ್ನೊಂದು ಕಾಲಿನ ಶೇ. 90ರಷ್ಟಾದರೂ ಬರಬೇಕು. ಅವಸರಪಟ್ಟವರಿಗೆ ಮತ್ತೆ ಪೆಟ್ಟಾಗುವುದು ಜಾಸ್ತಿ. ಸ್ಪೇನ್‌ನ ಫುಟ್‌ಬಾಲ್ ಆಟಗಾರ್ತಿ ಅಲೆಕ್ಸಿಯಾ ಪುಟೆಯಾಸ್‌ಗೆ 2022ರ ಜುಲೈನಲ್ಲಿ, ಯೂರೋ ಟೂರ್ನಿ ಶುರುವಾಗುವ ಹೊಸ್ತಿಲಲ್ಲಿ ಇದೇ ಎಸಿಎಲ್ ಹರಿಯಿತು. ಆಗ ವರ್ಷದ ಶ್ರೇಷ್ಠ ಆಟಗಾರ್ತಿಗೆ ಕೊಡುವ ಬ್ಯಾಲನ್ ಡಿ'ಓರ್ ಪ್ರಶಸ್ತಿ ಅವರ ಕೈಯಲ್ಲಿತ್ತು. ಅಂಥವರೂ 2023ರ ಏಪ್ರಿಲ್‌ವರೆಗೆ ಕಾದರು, ಅದೇ ವರ್ಷ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು.

ಹರಿದ ಮಂಡಿಗೆ ಇಷ್ಟು ತಿಂಗಳು ಕೊಡುತ್ತೇವೆ, ದಿನಾ ಜೊತೆಗೊಬ್ಬರು ನಿಂತು ನೋಡಿಕೊಳ್ಳುತ್ತಾರೆ. ಫೇಲಾದ ಮಗುವಿಗೆ ಯಾಕೆ ಇದು ಸಿಗಲ್ಲ? ಕೆಲವೇ ವಾರದಲ್ಲಿ ಮರುಪರೀಕ್ಷೆ ಇಟ್ಟು, ಅದೂ ಸಾಲದು ಅಂತ ಆಟ ಬಿಡಿಸುತ್ತೇವೆ. ಕೋಚ್‌ಗಳೇ, ಟೀಚರ್‌ಗಳೇ, ದಯವಿಟ್ಟು ಇಂಥ ಮಕ್ಕಳ ಬಗ್ಗೆ ನೀವಿಬ್ಬರೂ ಒಮ್ಮೆ ಒಟ್ಟಿಗೆ ಕೂತು ಮಾತಾಡಿ.