ಚೀಲ ಹೊಲಿದವನಿಗೆ ಕೋಳ

ಗೋವಾದ ಬಸ್ಸು ಗಡಿಯ ಮಾಜಾಳಿ ಚೆಕ್‌ಪೋಸ್ಟಿನಲ್ಲಿ ನಿಂತು, ಅಬಕಾರಿ ಸಿಬ್ಬಂದಿ ಸೀಟಿನಡಿಯ ಚೀಲಗಳನ್ನು ಅಲುಗಾಡಿಸುವಾಗ ಯಾವುದೋ ಒಂದರಲ್ಲಿ ಗಾಜು ಟಣ್ಣೆಂದರೆ, ಆ ಚೀಲಕ್ಕೆ ಇಡೀ ಬಸ್ಸಿನಲ್ಲಿ ವಾರಸುದಾರರೇ ಇಲ್ಲದಂತಾಗುವುದು ಕಾರವಾರದವರಿಗೆ ಹೊಸದಲ್ಲ. ಇಂಥ ಅನಾಥ ಚೀಲಗಳ ವಿಷಯದಲ್ಲಿ ನಮ್ಮ ಇಲಾಖೆಗೆ ಈವರೆಗೂ ಹೊಳೆಯದ ಸುಲಭೋಪಾಯವೊಂದು ಜಪಾನಿನ ಪೊಲೀಸರಿಗೆ ಹಿಂದೆಯೇ ಹೊಳೆದಿತ್ತು: ಚೀಲ ಹೊಲಿದ ದರ್ಜಿಯನ್ನು ಹಿಡಿದು ತರುವುದು.

ಅಲ್ಲಿಯ ದರ್ಜಿಯ ಹೆಸರು ಇಸಾಮು ಕಾನೆಕೊ. ಆತ 2002ರಲ್ಲಿ ಹೊರತಂದ ‘ವಿನ್ನಿ’ ತಂತ್ರಾಂಶಕ್ಕೆ ನಡುವೆ ಯಜಮಾನನಂತೆ ಕೂರುವ ಸರ್ವರ್ ಬೇಕಿರಲಿಲ್ಲ. ಕಡತಗಳು ಬಳಕೆದಾರರ ಕಂಪ್ಯೂಟರುಗಳ ನಡುವೆಯೇ ಕೈಯಿಂದ ಕೈಗೆ ದಾಟುತ್ತಿದ್ದವು. ಕೆಲವರು ಅದರಲ್ಲಿ ಸಿನಿಮಾ, ಗೇಮುಗಳನ್ನು ಕದ್ದು ಹಂಚಿದರು. 2004ರ ಮೇ ತಿಂಗಳಲ್ಲಿ ಕ್ಯೋಟೊ ಪೊಲೀಸರು, ಕಳ್ಳತನಕ್ಕೆ ಕುಮ್ಮಕ್ಕು ಕೊಟ್ಟನೆಂದು ಕಾನೆಕೊನನ್ನೇ ಬಂಧಿಸಿದರು. ಅದೇ ಪೊಲೀಸರ ತನಿಖಾ ಕಾಗದಪತ್ರಗಳು, ಅವರದೇ ಸಿಬ್ಬಂದಿಯೊಬ್ಬರ ಕಂಪ್ಯೂಟರಿನಿಂದ ವಿನ್ನಿಯ ಮೂಲಕವೇ ಸೋರಿ ಜಗಜ್ಜಾಹೀರಾಗಿ ಆಗ ಎರಡು ತಿಂಗಳೂ ಆಗಿರಲಿಲ್ಲ. ಇಲಾಖೆಯ ಮಾನಕ್ಕೂ ಬಂಧನಕ್ಕೂ ಸಂಬಂಧವಿಲ್ಲವೆಂದು ನಾವು ನಂಬೋಣ.

2006ರಲ್ಲಿ ಕ್ಯೋಟೊದ ನ್ಯಾಯಾಲಯ 15 ಲಕ್ಷ ಯೆನ್ ದಂಡ ಹಾಕಿತು. 2009ರಲ್ಲಿ ಒಸಾಕಾದ ಹೈಕೋರ್ಟು ನಿರ್ದೋಷಿ ಎಂದಿತು. ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯುವಾಗ 2011 ಮುಗಿಯುತ್ತ ಬಂದಿತ್ತು. ಒಂದೂವರೆ ವರ್ಷ ಕಳೆಯುತ್ತಲೇ, 42ನೇ ವಯಸ್ಸಿನಲ್ಲಿ, ಕಾನೆಕೊ ತೀರಿಕೊಂಡ.

ಇಂಥದೇ ಕಡತ ಹಂಚುವ ತಂತ್ರಾಂಶವಾದ ಗ್ರಾಕ್‌ಸ್ಟರ್‌ನ 2005ರ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹಾಕಿದ ಗೆರೆ ನನಗೆ ಒಪ್ಪಿಗೆಯೇ: ಕಳ್ಳತನಕ್ಕೆ ಬಳಸಿರೆಂದು ಕರೆದವನು ಹೊಣೆ. ‘ಒಳಜೇಬಿನಲ್ಲಿ ಕ್ವಾರ್ಟರ್ ಹಿಡಿಯುತ್ತದೆ, ಮಾಜಾಳಿಯಲ್ಲಿ ಕಾಣುವುದಿಲ್ಲ’ ಎಂದು ಅಂಗಡಿಯೆದುರು ಬೋರ್ಡು ತೂಗುಹಾಕಿದ ದರ್ಜಿ ಹೊಣೆ ಹೊರಲಿ. ಬೋರ್ಡೇ ಇಲ್ಲದವನ ಮನಸ್ಸಿನಲ್ಲಿ ಬೋರ್ಡು ಹುಡುಕುವ ಕೆಲಸಕ್ಕೆ ಮಾತ್ರ ಜಪಾನಿನಲ್ಲಿ ಏಳೂವರೆ ವರ್ಷ ಹಿಡಿಯಿತು. ಅಷ್ಟರಲ್ಲಿ ಸಾಡೇಸಾತಿಯೇ ಮುಗಿಯುತ್ತದೆ.

ಆ ವರ್ಷಗಳಲ್ಲಿ ವೈರಸ್ಸಿನ ದೆಸೆಯಿಂದ ಜನರ ಗುಟ್ಟಿನ ಕಡತಗಳು ವಿನ್ನಿಯಲ್ಲಿ ಸೋರುತ್ತಲೇ ಇದ್ದವು. ರಂಧ್ರ ಮುಚ್ಚಬಲ್ಲವನು ಕಾನೆಕೊ. ಆದರೆ ತಂತ್ರಾಂಶವನ್ನು ಮುಟ್ಟಿ ತಿದ್ದಿದರೆ ಅದೂ ಹೊಸ ಕುಮ್ಮಕ್ಕಾಗುವ ಭಯ. ಈ ನ್ಯಾಯ ಕಾಳಿ ಸೇತುವೆ ದಾಟಿ ಕಾರವಾರಕ್ಕೆ ಬಂದ ದಿನ, ಸಂತೆಯ ಹೊತ್ತಿನಲ್ಲಿ ಹೊಲಿಗೆ ಬಿಟ್ಟ ಚೀಲ ಹಿಡಿದು ಬಂದ ಅಜ್ಜಿಗೆ ದರ್ಜಿ ಸೂಜಿ ಕೆಳಗಿಟ್ಟು ಕೈಮುಗಿಯಬೇಕು: “ಅಮ್ಮಾ, ಬಂಗಡೆಯನ್ನು ಇವತ್ತು ಕೈಯಲ್ಲೇ ಹಿಡಿದುಕೊಂಡು ಹೋಗಿ. ವಕೀಲರನ್ನು ಕೇಳದೆ ನಾನು ಟಾಕಾ ಹಾಕುವಂತಿಲ್ಲ.”