ವಿಮಾನಕ್ಕೊಂದು ಮೂಕಿ

ಸ್ವಂತ ವಿಮಾನ ಇದೆ ಅಂದರೆ ಊರಿನ ಕಡೆ ನನ್ನನ್ನು ದೊಡ್ಡ ಕುಳ ಅಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ, ಕ್ಯಾಲಿಫೋರ್ನಿಯಾದ ಲಿವರ್‌ಮೋರ್‌ನಲ್ಲಿ ನಿಂತಿರುವ ಒಂದು ಹಳೇ ಸೆಸ್ನಾ 172ರಲ್ಲಿ ನನ್ನದು ಮೂರನೇ ಒಂದು ಪಾಲು. ಮೂಗು ನನ್ನದೋ ಬಾಲ ನನ್ನದೋ ಇನ್ನೂ ತೀರ್ಮಾನವಾಗಿಲ್ಲ. ತಳ್ಳುವ ಕೆಲಸ ಮಾತ್ರ ಪೂರ್ತಿ ನನ್ನದು.

ಹೌದು, ತಳ್ಳಬೇಕು. ಇದಕ್ಕೆ ರಿವರ್ಸ್ ಗೇರ್ ಇಲ್ಲ. ಹ್ಯಾಂಗರ್, ಅಂದರೆ ವಿಮಾನ ನಿಲ್ಲಿಸುವ ಶೆಡ್ಡು, ಅದರೊಳಗೆ ಎಂಜಿನ್ ಶುರು ಮಾಡುವ ಹಾಗೂ ಇಲ್ಲ. ಹೊರಗೆ ಎಳೆಯುವುದೂ ಕೈಯಲ್ಲೇ, ಹಾರಿ ಬಂದ ಮೇಲೆ ಬಾಲ ಮುಂದಾಗಿ ಒಳಗೆ ತಳ್ಳುವುದೂ ಕೈಯಲ್ಲೇ. ಖಾಲಿ ಇದ್ದಾಗ ಸುಮಾರು 700 ಕೆಜಿ. ನಮ್ಮ ಹಳೇ ಮಾರುತಿ 800ಕ್ಕಿಂತ ಒಂದು ಹಿಡಿ ಜಾಸ್ತಿ. ಟ್ಯಾಂಕ್ ತುಂಬಿಸಿದರೆ ಇನ್ನೂ ನೂರು ಕೆಜಿ.

ಮಾರುತಿಯನ್ನಾದರೆ ಎಲ್ಲಿ ಬೇಕಾದರೂ ಕೈಯಿಟ್ಟು ತಳ್ಳಬಹುದು. ವಿಮಾನದಲ್ಲಿ ಕೈ ಇಡಬಾರದ ಜಾಗಗಳೇ ಜಾಸ್ತಿ. ಬಾಲದ ರೆಕ್ಕೆಯನ್ನು ಕಂಡಕಂಡಲ್ಲಿ ಅದುಮಿದರೆ ತಗಡು ನೆಗ್ಗುತ್ತದೆ. ಪ್ರೊಪೆಲ್ಲರ್ ಹಿಡಿದು ಎಳೆಯೋದಂತೂ ಬೇಡವೇ ಬೇಡ. ಕೀಲಿ ಜೇಬಿನಲ್ಲೇ ಇರಲಿ, ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋದ ಒಂದು ವೈರ್ ಕಿತ್ತುಹೋಗಿದ್ದರೆ ಸಾಕು, ಸ್ವಲ್ಪ ತಿರುಗಿದ ತಕ್ಷಣ ಎಂಜಿನ್ ಕೆಮ್ಮಿಬಿಡಬಹುದು. ಸರಿ, ರೆಕ್ಕೆಯ ಕೆಳಗಿನ ಓರೆಕಂಬಿ ಹಿಡಿಯೋಣ ಅಂತ ನುಗ್ಗಿದರೆ, ರೆಕ್ಕೆಯ ಹಿಂದಿನ ಅಂಚು ಸರಿಯಾಗಿ ಹಣೆಯ ಎತ್ತರಕ್ಕಿದೆ. ಬಡಿದರೆ ಅಚ್ಚು ಮೂಡುತ್ತದೆ. ಇಲ್ಲಿಯವರು ಅದಕ್ಕೆ ಸೆಸ್ನಾ ಡೈಮಂಡ್ ಅನ್ನುತ್ತಾರೆ. ಮೊದಲ ವಾರ ನನ್ನ ಹಣೆ ನೋಡಿ ಹೆಂಡತಿ, "ಯಾರ್ರೀ ನಾಮ ಹಾಕಿದ್ದು?" ಅಂದಳು. ಪಾಲು ಮಾರಿದವರ ನೆನಪಾಯಿತು.

ಇದಕ್ಕೆಲ್ಲ ಪರಿಹಾರ ಟೋ ಬಾರ್. ಮೂಗಿನ ಚಕ್ರದ ಎರಡೂ ಪಕ್ಕದ ಪಿನ್ನುಗಳಿಗೆ ಸಿಕ್ಕಿಸುವ ಒಂದು ಕವೆ, ಅದಕ್ಕೊಂದು ಹಿಡಿ. ನಮ್ಮಜ್ಜನ ಎತ್ತಿನಗಾಡಿಯ ಮೂಕಿ ಇತ್ತಲ್ಲ, ಅದರ ತಮ್ಮ. ಎತ್ತುಗಳ ಜಾಗದಲ್ಲಿ ನಾನು.

ವಿಮಾನದ ಜೊತೆ ಬಂದಿದ್ದ ಟೋ ಬಾರ್ ಮೊಳಕಾಲಿನವರೆಗೆ ಬಗ್ಗಿಸುವಂಥದ್ದು. ತೀರಾ ಗಿಡ್ಡ. ಕವೆಯ ಬಾಯಿ ಸವೆದು ಅಗಲವಾಗಿತ್ತು. ನಮ್ಮ ಹ್ಯಾಂಗರಿನ ಮುಂದೆ ಸಣ್ಣದೊಂದು ಏರು ಇದೆ. ಕಣ್ಣಿಗೆ ಕಾಣುವುದಿಲ್ಲ, ಸೊಂಟಕ್ಕೆ ಕಾಣುತ್ತದೆ. ಒಂದು ದಿನ ಆ ಏರಿನಲ್ಲಿ ಜೀವ ಬಿಟ್ಟು ಎಳೆಯುತ್ತಿದ್ದೆ. ಕವೆ ಪಟ್ಟಂತ ಕಳಚಿತು. ನಾನು ಟೋ ಬಾರ್ ಎದೆಗಪ್ಪಿಕೊಂಡು ಕುಂಡೆಯ ಮೇಲೆ ಕೂತೆ. ವಿಮಾನ ನಿಧಾನವಾಗಿ, ಸುಮ್ನೆ, ವಾಪಸ್ ಮನೆಗೆ ಹೋಯಿತು. 11 ಮೀಟರ್ ಅಗಲದ ರೆಕ್ಕೆ, ಬಾಗಿಲಲ್ಲಿ ಆಚೀಚೆ ಎರಡೆರಡು ಅಡಿ ಜಾಗ. ನಾನು ಹಿಡಿದಾಗ ಒಂದು ಸಲವೂ ಅಷ್ಟು ನೇರವಾಗಿ ಒಳಗೆ ಹೋಗಿಲ್ಲ.

ಅವತ್ತೇ ಹೊಸದನ್ನು ಹುಡುಕಲು ಕೂತೆ. ಮೊದಲು ತರಿಸಿದ್ದು ಪೈಪರ್ ಅನ್ನೋ ಬೇರೆ ಕಂಪನಿಯ ವಿಮಾನದ್ದು. ಫೋಟೋದಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ, ಅಲ್ವಾ? ಬೇರೆಯವರ ಚಪ್ಪಲಿ ಹಾಕಿಕೊಂಡು ದೇವಸ್ಥಾನದಿಂದ ಹೊರಟ ಹಾಗಾಯಿತು. ವಾಪಸ್ ಕಳಿಸಿದೆ.

ಎರಡನೆಯದು ಕೊಡೆಯ ಹಾಗೆ ಒಂದರೊಳಗೊಂದು ಸೇರಿಕೊಳ್ಳುವ ಮಾದರಿ. ಸಾಮಾನಿನ ಗೂಡಿನಲ್ಲಿ ಚೆನ್ನಾಗಿ ಕೂರುತ್ತದೆ, ಬೇರೆ ಊರಿಗೆ ಹಾರಿದಾಗಲೂ ಜೊತೆಗಿರುತ್ತದೆ. ಎಳೆಯುವಾಗ ಬಂಗಾರ. ಆದರೆ ಹಿಂದಕ್ಕೆ ತಳ್ಳುವಾಗ ಅದರ ಗುಂಡಿ ಸರಿಯಾಗಿ ಕೂತಿರಲಿಲ್ಲವೋ ಏನೋ, ಟೋ ಬಾರ್ ಸರ್ರಂತ ಮಡಚಿಕೊಂಡಿತು. ವಿಮಾನ ಅಲ್ಲಾಡಲಿಲ್ಲ, ನಾನು ಮುಂದೆ ಹೋದೆ. ಮೂತಿಗೆ ಪ್ರೊಪೆಲ್ಲರ್ ಸಿಕ್ಕಿತು. ನಾಮದ ಕೆಳಗೊಂದು ಅಕ್ಷತೆ.

ಪಕ್ಕದ ಸಾಲಿನ ಹಿರಿಯರೊಬ್ಬರ ಹತ್ತಿರ ಬ್ಯಾಟರಿ ಡ್ರಿಲ್ ಸಿಕ್ಕಿಸುವ ಟೋ ಬಾರ್ ಇದೆ. ಡ್ರಿಲ್ ಒತ್ತಿದರೆ ಅದರ ಉರುಳೆ ಚಕ್ರವನ್ನೇ ತಿರುಗಿಸುತ್ತದೆ. ಬೆಲೆ ಕೇಳಿ ಸುಮ್ಮನಾದೆ, ಒಂದು ದಿನಕ್ಕೆ ಸಾಲ ತಂದೆ. ಆಹಾ, ಒಂದು ಕೈಯಲ್ಲಿ ವಿಮಾನ! ದಾರಿಯ ಮಧ್ಯಕ್ಕೆ ಬಂದಾಗ ಬ್ಯಾಟರಿ ಮುಗಿಯಿತು. ಹಿಂದೆ ಇನ್ನೊಂದು ವಿಮಾನ ಎಂಜಿನ್ ಗುರುಗುಟ್ಟಿಸುತ್ತಾ ಕಾಯುತ್ತಿತ್ತು. ಮೆಜೆಸ್ಟಿಕ್ಕಿನ ಮಧ್ಯೆ ಆಟೋ ಕೆಟ್ಟು ನಿಂತಾಗ ಆಗುವ ಅವಮಾನ ಅಮೆರಿಕದಲ್ಲೂ ಹಾಗೇ ಇರುತ್ತದೆ. ಹಾರ್ನ್ ಮಾತ್ರ ಇಲ್ಲ.

ಕೊನೆಗೆ ಕೊಂಡದ್ದು ಉದ್ದನೆಯ, ದಪ್ಪ ಉಕ್ಕಿನ, ಮಡಚದ, ಸುಮ್ಮನಿರುವ ಟೋ ಬಾರ್. ಹಿಡಿಯ ಬಳಿಯ ಲಿವರ್ ಒತ್ತಿದರೆ ಕವೆ ಪಿನ್ನನ್ನು ಕಚ್ಚುತ್ತದೆ, ಬಗ್ಗಬೇಕಾಗಿಲ್ಲ. ಚಕ್ರವನ್ನು ಒಂದು ಪಕ್ಕಕ್ಕೆ 30 ಡಿಗ್ರಿಗಿಂತ ಜಾಸ್ತಿ ತಿರುಗಿಸಬಾರದು, ಮೂಗಿನ ಕಾಲಿಗೆ ಪೆಟ್ಟು. ಉದ್ದ ಇದ್ದರೆ ಆ ಅಂದಾಜು ಕೈಗೆ ಸಿಗುತ್ತದೆ.

ಇಷ್ಟು ಚೆನ್ನಾಗಿದ್ದದ್ದೇ ಯಡವಟ್ಟಾಯಿತು. ಮುಂಚಿನವು ಕೈಯಲ್ಲಿ ನಿಲ್ಲುತ್ತಿರಲಿಲ್ಲ, ಹಾಗಾಗಿ ಮರೆಯುವ ಪ್ರಶ್ನೆಯೇ ಇರಲಿಲ್ಲ. ಇದು ತಣ್ಣಗೆ ಚಕ್ರಕ್ಕೆ ಅಂಟಿಕೊಂಡು ನೆಲಕ್ಕೆ ಒರಗಿತ್ತು. ಒಳಗೆ ಕೂತು ಬೆಲ್ಟ್ ಹಾಕಿ, ಕಿಟಕಿ ತೆಗೆದು "ಕ್ಲಿಯರ್!" ಅಂತ ಕೂಗಿದೆ. ಸೀಟಿನಿಂದ ಮೂಗಿನ ಕೆಳಗಿನದು ಕಾಣುವುದಿಲ್ಲ. ಎದುರಿನ ಹ್ಯಾಂಗರಿನಿಂದ ಡ್ರಿಲ್ ಹಿರಿಯರು ಕಾಫಿ ಲೋಟ ಎಸೆದು ಎರಡೂ ಕೈ ಬೀಸಿದರು. ನಾನೂ ಕೈ ಬೀಸಿದೆ. ಎಷ್ಟು ಪ್ರೀತಿಯ ಮನುಷ್ಯ, ಅಂದುಕೊಂಡೆ.

ಕೀಲಿ ತಿರುಗಿಸಿದ್ದರೆ ಪ್ರೊಪೆಲ್ಲರ್ ಟೋ ಬಾರಿಗೆ ಬಡಿಯುತ್ತಿತ್ತು. ಹಾಗಾದರೆ ಪ್ರೊಪೆಲ್ಲರಿನ ಅಲಗು ನೆಟ್ಟಗೆ ಮಾಡಿದರೆ ಮುಗಿಯಲ್ಲ, ಎಂಜಿನ್ನನ್ನೇ ಬಿಚ್ಚಿ ನೋಡಬೇಕು. ನನ್ನ ಮೂರನೇ ಒಂದು ಪಾಲು ಆ ಖರ್ಚಿಗೂ ಅನ್ವಯಿಸುತ್ತಿತ್ತೋ, ಪೂರ್ತಿ ನನ್ನ ತಲೆಗೇ ಬರುತ್ತಿತ್ತೋ, ಕೇಳುವ ಧೈರ್ಯ ಆಗಲಿಲ್ಲ. ಹಿರಿಯರು ಒಂದೇ ಮಾತು ಹೇಳಿದರು: ಕೈ ಬಿಟ್ಟೆಯಾ, ಟೋ ಬಾರ್ ಬಿಚ್ಚು.

ಕೈಯ ಜೊತೆ ಕಣ್ಣಿಗೂ ಒಂದು ಗುರುತು ಇರಲಿ ಅಂತ ಹಿಡಿಗೆ ಕೆಂಪು ಬಟ್ಟೆ ಕಟ್ಟಲು ಹೊರಟೆ. ಕನ್ನಡದವರ ಮನೆಯಲ್ಲಿ ಕೆಂಪು ಬಟ್ಟೆಗೆ ಬರವೇ? ಬೀರುವಿನ ಕೆಳಗಿನ ಖಾನೆ ತುಂಬಾ ರವಿಕೆ ಕಣ. ಅರಿಶಿನ ಕುಂಕುಮದ ಜೊತೆ ಬಂದು, ಯಾರೂ ಹೊಲಿಸದೆ, ಫ್ರೀಮಾಂಟ್‌ನಿಂದ ಸ್ಯಾನ್ ರಮೋನ್‌ಗೆ ಮನೆಯಿಂದ ಮನೆಗೆ ಸುತ್ತುವ ಕಣಗಳು. ಜರಿ ಅಂಚಿನದೊಂದನ್ನು ಕಟ್ಟಿದೆ. ಬಿಸಿಲಿಗೆ ಜರಿ ಮಿನುಗಿ ಸಾಲಿಗೆಲ್ಲ ಕಾಣಿಸಿತು. ಹಿರಿಯರು ತಮಗೂ ಒಂದು ಬೇಕು ಅಂದರು. ಆಮೇಲೆ ಅವರ ಪಕ್ಕದವರು. ಈಗ ಎರಡೂ ಸಾಲು ಸೇರಿ ಏಳು ಟೋ ಬಾರುಗಳಿಗೆ ರವಿಕೆ ಕಣ ಉಡಿಸಿದೆ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ರಾತ್ರಿ ಹೆಂಡತಿ ಖಾನೆ ಎಳೆದು, ಎಣಿಸಿ, ಮತ್ತೆ ಎಣಿಸಿ, "ರೀ" ಅಂದಳು.