ಆರು ಅಂಕ ಎಲ್ಲಿ ಹೋಯ್ತು?

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಫೇಲಾದ ಮಗುವಿಗೆ "ಪಾಸಿಟಿವ್ ಆಗಿರು" ಅನ್ನೋರಿಗೇನೂ ಬರವಿಲ್ಲ. ಅಷ್ಟು ಹೇಳಿ, ಕಾಫಿ ಕುಡಿದು ಎದ್ದು ಹೋಗ್ತಾರೆ. ಆ ಮಾತನ್ನ ಇಟ್ಕೊಂಡು ಮಗು ಏನು ಮಾಡಬೇಕು? ಗಣಿತದಲ್ಲಿ ಆರು ಅಂಕ ಕಮ್ಮಿ ಬಿದ್ದಿದೆ ಅಂತಿಟ್ಕೊಳ್ಳಿ. "ಫೇಲ್" ಅನ್ನೋದನ್ನ ರಿಪೇರಿ ಮಾಡೋಕಾಗಲ್ಲ. ಆರು ಅಂಕವನ್ನ ಹುಡುಕಬಹುದು.

2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ: ಪರೀಕ್ಷೆ-1, ಆಮೇಲೆ ಪರೀಕ್ಷೆ-2. ಯಾವುದರಲ್ಲಿ ಹೆಚ್ಚು ಬಂತೋ ಆ ಅಂಕವೇ ಉಳಿಯುತ್ತೆ. ಸಪ್ಲಿಮೆಂಟರಿ ಅನ್ನೋ ಹೆಸರನ್ನೇ ತೆಗೆದಿದ್ದಾರೆ, ಊರವರ ಬಾಯಿಂದ ಮಾತ್ರ 'ಸಪ್ಲಿ' ಇನ್ನೂ ಹೋಗಿಲ್ಲ.

ಮೊದಲು ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕಿ. ಗಡುವು ಕೆಲವೇ ದಿನ, ದುಃಖ ಆರಲಿ ಅಂತ ಕಾದರೆ ದಾಟಿರುತ್ತೆ. ಮರುಮೌಲ್ಯಮಾಪನಕ್ಕೂ ಈ ಪ್ರತಿ ಬೇಕು. ಆದರೆ ಮರುಮೌಲ್ಯಮಾಪನ ನಂಬ್ಕೊಂಡು ಪರೀಕ್ಷೆ-2ರ ನೋಂದಣಿ ಬಿಡಬೇಡಿ. ಬಹಳ ಮನೆಗಳಲ್ಲಿ ಎಡವೋದು ಇಲ್ಲೇ.

ಪ್ರತಿ ಬಂದ ಮೇಲೆ ಪ್ರಶ್ನೆಪತ್ರಿಕೆ ಪಕ್ಕದಲ್ಲಿಟ್ಟು, ಹೋದ ಒಂದೊಂದು ಅಂಕದ ಎದುರೂ ಒಂದಕ್ಷರ ಬರೀರಿ. ಬರದೇ ಇದ್ದದ್ದಕ್ಕೆ 'ಬ', ಬಂದೂ ತಪ್ಪಿದ್ದಕ್ಕೆ 'ತ', ಖಾಲಿ ಬಿಟ್ಟಿದ್ದಕ್ಕೆ 'ಖ'. ಮಗುವಿನ ಕೈಲೇ ಬರೆಸಿ, ನೀವು ಪೆನ್ನು ಮುಟ್ಟಬೇಡಿ.

ಒಂದು ಉದಾಹರಣೆ. ನಕ್ಷೆಯ ಲೆಕ್ಕಕ್ಕೆ, ಅಂದ್ರೆ ಎರಡು ಸಮೀಕರಣಕ್ಕೂ ಗೆರೆ ಎಳೆದು ಅವು ಸೇರೋ ಬಿಂದು ಹುಡುಕೋದಕ್ಕೆ, 4 ಅಂಕ. ಎಕ್ಸ್ + ವೈ = 5, 2ಎಕ್ಸ್ − ವೈ = 4. ಮೊದಲನೇ ಕೋಷ್ಟಕ ಸರಿಯಾಗಿರುತ್ತೆ. ಎರಡನೇದರಲ್ಲಿ ವೈ = 2ಎಕ್ಸ್ − 4 ಆಗಬೇಕಾದ ಕಡೆ ಚಿಹ್ನೆ ಮರೆತು 4 − 2ಎಕ್ಸ್ ಬರೆದಿರ್ತಾರೆ. (3, 2)ರಲ್ಲಿ ಸೇರಬೇಕಾದ ಗೆರೆಗಳು (−1, 6)ಕ್ಕೆ ಓಡುತ್ತವೆ. ಗುರುತಿಸಿದ ಬಿಂದುಗಳ ನಡುವೆ ಎಲ್ಲೂ ಅವು ಕೂಡೋದು ಕಾಣಲ್ಲ. ಮಗು ಗಾಬರಿಬಿದ್ದು ಇಡೀ ಉತ್ತರಕ್ಕೆ ಅಡ್ಡಗೆರೆ ಎಳೆದು ಎದ್ದು ಬರುತ್ತೆ! ಗಣಿತದಲ್ಲಿ ಹಂತಕ್ಕೂ ಅಂಕ ಇದೆ. ಸರಿಯಿದ್ದ ಕೋಷ್ಟಕ, ಸರಿಯಿದ್ದ ಗೆರೆ ಎರಡನ್ನೂ ತನ್ನ ಕೈಯಾರೆ ಹೊಡೆದು ಹಾಕಿದ ಹಾಗಾಯ್ತು. ಇಂಥದ್ದು 'ತ', 'ಬ' ಅಲ್ಲ. ಇದೇ ಚಿಹ್ನೆಯ ತಪ್ಪು ಇನ್ನೆರಡು ಕಡೆ ಸಿಕ್ಕರೆ ಆರು ಅಂಕದ ಕಥೆ ಬಹುಪಾಲು ಅಲ್ಲೇ ಬಯಲಾಯ್ತು. ಇದಕ್ಕೆ ಟ್ಯೂಷನ್ ಬೇಡ. ದಿನಕ್ಕೆ ಇಂಥ ನಾಲ್ಕು ಲೆಕ್ಕ ಬಿಡಿಸಿ, ಬಂದ ಉತ್ತರವನ್ನ ಮತ್ತೆ ಸಮೀಕರಣಕ್ಕೆ ಹಾಕಿ ನೋಡೋ ಅಭ್ಯಾಸ ಸಾಕು: 3 + 2 = 5, 6 − 2 = 4.

'ಖ' ಜಾಸ್ತಿ ಇದ್ದರೆ ಅದು ಸಮಯದ ತೊಂದರೆ ಇರಬಹುದು. ಪ್ರಶ್ನೆಪತ್ರಿಕೆ ಓದೋಕೆ ಕೊಡೋ 15 ನಿಮಿಷದಲ್ಲೇ ಮೊದಲು ಯಾವುದು ಬರೆಯೋದು ಅಂತ ತೀರ್ಮಾನಿಸಲಿ.

'ಬ' ರಾಶಿಯೇ ದೊಡ್ಡದಿದ್ದರೆ ಸುಳ್ಳು ಧೈರ್ಯ ಹೇಳಬೇಡಿ. ಪರೀಕ್ಷೆ-2ಕ್ಕೆ ಸಿಗೋ ವಾರಗಳಲ್ಲಿ ಇಡೀ ಪುಸ್ತಕ ಮುಗಿಯಲ್ಲ. ಸರಾಸರಿ-ಮಧ್ಯಾಂಕ, ಸ್ಪರ್ಶಕದ ಪ್ರಮೇಯ, ನಕ್ಷೆ ಇಷ್ಟನ್ನ ಗಟ್ಟಿ ಮಾಡಿಸಿ ಬರೆಸಿ. ಉಳಿದ ಅಧ್ಯಾಯ ಆಮೇಲೆ.